ಹಡಗಿಗೂ ಚಾತುರ್ಮಾಸ

ಎಂಬತ್ತರ ದಶಕದಲ್ಲಿ ನಾನೊಂದು ಬಂದರು ಯೋಜನೆಯ ಸರ್ವೇಯರ್. ಬಂದರು ಕಟ್ಟಬೇಕಾದ ಕಡಲಿನಲ್ಲೇ ತಿಮಿಂಗಿಲಗಳು ಮರಿ ಹಾಕುತ್ತವೆಂದು ಕೆಲಸ ನಿಂತಿತ್ತು. ಆ ಬಿಡುವಿನಲ್ಲಿ ಗೆಳೆಯನ ಊರು, ನಿಪ್ಪಾಣಿ ಹತ್ತಿರದ ಭೋಜಕ್ಕೆ ಹೋದೆ. ಜೈನರ ಮನೆ, ಹೊತ್ತು ಮುಳುಗುವ ಮೊದಲೇ ಊಟ. ಬಡಿಸುತ್ತಿದ್ದ ಅವನ ಅವ್ವನೆದುರು ನನ್ನ ಪೇಚಾಟ ತೋಡಿಕೊಂಡೆ.

"ವರ್ಷಪೂರ್ತಿ ಮರಿ ಹಾಕತಾವೇನ ತಮ್ಮಾ?"

"ಇಲ್ಲಮ್ಮ, ಕೆಲವು ತಿಂಗಳು ಅಷ್ಟೆ."

"ಮತ್ತೇನ? ಮಳಿಗಾಲದಾಗ ಹುಳಹುಪ್ಪಡಿ ಹುಟ್ಟತಾವು, ತುಳಿಬಾರದಂತ ನಮ್ಮ ಮುನಿಗಳು ನಾಕ ತಿಂಗಳ ಒಂದ ಊರಾಗ ಚಾತುರ್ಮಾಸ ಕೂಡತಾರ. ಬರಿಗಾಲಾಗ ನಡಿಯೋರ ನಿಲ್ತಾರ, ನಿಮ್ಮ ಹಡಗಿಗೇನ ಧಾಡಿ?"

ಮರುದಿನವೇ ಕೆಲಸಕ್ಕೆ ಮರಳಿದೆ.

ಬಂದರು ಕಟ್ಟೋಣ, ಮರಿ ಹಾಕುವ ತಿಂಗಳುಗಳಲ್ಲಿ ಮಾತ್ರ ಕೆಲಸವನ್ನೂ ಹಡಗನ್ನೂ ನಿಲ್ಲಿಸೋಣವೆಂದು ಯೋಜನೆಯ ಸಭೆಯಲ್ಲಿ ಹೇಳಿದೆ. ನಮ್ಮ ಸಾಹೇಬರಿಗೆ ಬಹಳ ಹಿಡಿಸಿತು. ಯಾವ ತಜ್ಞರ ಸಲಹೆ ಎಂದರು.

"ಭೋಜದವರು, ಸರ್."

ಭೋಜ ಎಂಬುದು ವಿದೇಶವಿರಬೇಕೆಂದು ಅವರು ಗೌರವದಿಂದ ತಲೆಯಾಡಿಸಿದರು.