ಮೂಗಿಯ ಒಡಪು

ನಮ್ಮ ಕಡೆ ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟಬೇಕಾದರೆ ಒಡಪು ಕಟ್ಟಿ ಗಂಡನ ಹೆಸರು ಹೇಳಬೇಕು. ಹೇಳುವವರೆಗೆ ನಾದಿನಿಯರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ನನಗೆ ಚಿಕ್ಕಂದಿನಿಂದ ಉಗ್ಗು. ಕುಷ್ಟಗಿಯ ಆ ಬಾಗಿಲಲ್ಲಿ ಗಂಡನ ಹೆಸರಿನ 'ಬ' ತುಟಿಗೆ ಅಂಟಿಕೊಂಡು ಕೂತಿತು. ಏನು ಮಾಡಿದರೂ ಹೊರಗೆ ಬರಲಿಲ್ಲ.

"ಬಿಡ್ರೆವ್ವಾ, ಮೂಗಿನ್ನ ತಂದಾರ," ಎಂದಳು ಹಿಂದೆ ನಿಂತಿದ್ದ ಒಬ್ಬ ಮುದುಕಿ. ಎಲ್ಲರೂ ನಕ್ಕರು. ಅಂದಿನಿಂದ ಆ ಮನೆಯಲ್ಲಿ ಬರೀ ಹೂಂ, ಉಹೂಂಗಳಲ್ಲೇ ಸಂಸಾರ ಮಾಡಿದೆ.

ಗಂಡನಿಗೆ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ, ವಾರಕ್ಕೊಮ್ಮೆ ಬರುತ್ತಿದ್ದರು. ಅತ್ತೆ ಹೊಲಕ್ಕೆ ಹೋದರೆ ಮಧ್ಯಾಹ್ನವೆಲ್ಲ ಮನೆಯಲ್ಲಿ ನಾನು, ನಾಲ್ಕು ಗೋಡೆ. ಹೊತ್ತು ಹೋಗದೆ ಮೊಬೈಲಿನಲ್ಲಿ ಗುಂಡು ಹಾರಿಸುವ ಆಟ ಹಾಕಿಕೊಂಡೆ. ನಗಬೇಡಿ. ಸೀರೆ ಉಟ್ಟವರು ಬಂದೂಕು ಹಿಡಿಯಬಾರದೆಂದು ಯಾರೂ ಬರೆದಿಟ್ಟಿಲ್ಲ. ಆಟದಲ್ಲಿ ನನಗೆ ಜೋಡಿಯಾದವಳು ಯಲಬುರ್ಗಾ ಕಡೆಯವಳು. ಹೆಸರಿನ ಜಾಗದಲ್ಲಿ ಒಂದು ಗುಲಾಬಿ ಚಿತ್ರ, ಅಷ್ಟೇ. ಅವಳ ಮೈಕಿನಲ್ಲಿ ಸದಾ ಕುಕ್ಕರ್ ಸೀಟಿ ಹೊಡೆಯುತ್ತಿತ್ತು.

"ಅಕ್ಕಾರ, ಸುಮ್ನ್ಯಾಕ ಅದೀರಿ? ವೈರಿ ಎಲ್ಲಿ ಅದಾನ ಹೇಳ್ರಿ!" ಎಂದು ಒಂದು ದಿನ ಕೂಗಿದಳು.

"ನೀರಿನ ಟಾಕಿ ಹಿಂದ ಅದಾನ! ಬಗ್ಗು, ಬಗ್ಗು!"

ಒಂದೇ ಉಸಿರಿಗೆ ನನ್ನ ಬಾಯಿಂದ ಅಷ್ಟೂ ಮಾತು ಬಂದಿತ್ತು, ಎರಡು 'ಬ' ಸಹಿತ. ಅಲ್ಲಿ ನನ್ನ ಮುಖ ನೋಡುವವರಿರಲಿಲ್ಲ, ಮುಂದಿನ ಅಕ್ಷರಕ್ಕೆ ಹೆದರಲು ಪುರುಸೊತ್ತೂ ಇರಲಿಲ್ಲ. ಮೊಬೈಲ್ ಪಕ್ಕಕ್ಕಿಟ್ಟು ಅತ್ತುಬಿಟ್ಟೆ. ಅವಳು "ಅಕ್ಕಾರ, ಸತ್ತ್ರೇನ್ರಿ?" ಎಂದು ಕೇಳುತ್ತಲೇ ಇದ್ದಳು.

ಆಮೇಲೆ ಚಟ ಹತ್ತಿತು. ಹಾಲು ಉಕ್ಕಿತು, ರೊಟ್ಟಿ ಕರಕಾದವು. ಅವ್ವನ ಫೋನು ಬಂದರೆ ಆಟ ಕೆಡುತ್ತದೆಂದು ಕತ್ತರಿಸುತ್ತಿದ್ದೆ. ನನ್ನ ಉಗ್ಗಿಗೆ ಎಂದೂ ಅವಸರ ಮಾಡದವಳು ಅವ್ವ ಒಬ್ಬಳೇ. ಅವಳು ಗಾಬರಿಯಾಗಿ ಒಂದು ಮಧ್ಯಾಹ್ನ ಹನುಮಸಾಗರದಿಂದ ಬಸ್ಸು ಹಿಡಿದು ಬಂದಿದ್ದಾಳೆ. ನನ್ನ ಕಿವಿಯಲ್ಲಿ ಇಯರ್‌ಫೋನು. ಆಟ ಮುಗಿಸಿ ಬಾಗಿಲು ತೆರೆದರೆ, ಬಿಸಿಲು ಬಿದ್ದ ಕಟ್ಟೆಯ ಮೇಲೆ ತಲೆಗೆ ಸೆರಗು ಹೊದ್ದು ಕೂತಿದ್ದಳು.

"ಒಮ್ಮೆ ಬಾಗಿಲ ಬಡದೆ. ಒಳಗ ನೀ ಮಾತಾಡೂದು ಕೇಳಿಸ್ತು. ಎಷ್ಟ ಛಲೋ ಮಾತಾಡಾಕತ್ತಿದ್ದಿ! ನಡುವ ಯಾಕ ಕರೀಲಿ ಅಂತ ಸುಮ್ನ ಕುಂತೆ," ಎಂದಳು.

ಅದರ ಬದಲು ಎರಡು ಬಾರಿಸಿದ್ದರೆ ನನಗೆ ಹಗುರಾಗುತ್ತಿತ್ತು. ಅಂದೇ ಆಟ ಅಳಿಸಿದೆ. ಗುಲಾಬಿಗೆ ಒಂದು ಮಾತೂ ಹೇಳಲಿಲ್ಲ.

ಬಸುರಿಯಾದಾಗ ಮನೆಯಲ್ಲಿ ಕುಬಸ ಮಾಡಿದರು. ಹಸಿರು ಸೀರೆ ಉಡಿಸಿ, ಉಡಿ ತುಂಬಿದ ಮೇಲೆ ಮತ್ತೆ ಗಂಡನ ಹೆಸರು ಹೇಳಬೇಕು. ಗಿರಣಿಯಲ್ಲಿ ಸುಗ್ಗಿ ಕೆಲಸ. ಅವರಿಗೆ ರಜೆ ಸಿಗಲಿಲ್ಲ. ಅದೇ ಮುದುಕಿ ನನ್ನೆದುರೇ ಕೂತಿದ್ದಳು.

"ಬಿಡ್ರೆವ್ವಾ, ಆಕಿಗೆ ಆಗೂದಿಲ್ಲ," ಎಂದರು ಅತ್ತೆ.

ಸಿಟ್ಟು ಬಂತು. ಕಣ್ಣು ಮುಚ್ಚಿದೆ. ಕಿವಿಯಲ್ಲಿ ಕುಕ್ಕರ್ ಸೀಟಿ ಹೊಡೆದಂತಾಯಿತು. ಸುಮ್ನ್ಯಾಕ ಅದೀರಿ, ಹೇಳ್ರಿ!

"ಹೇಮಗುಡ್ಡ ಹತ್ತಿ ದುರ್ಗಮ್ಮಗ ಒಡಿಸೀನಿ ಕಾಯಿ," ಎಂದೆ. ಗಂಡನ ಹೆಸರು ಎಲ್ಲೂ ತಡೆಯದೆ ಬಂತು. "ಇವರ ಹೆಸರ ಹೇಳಾಕ ನನಗೂ ಐತಿ ಬಾಯಿ!"

ಮುದುಕಿಯೂ ಚಪ್ಪಾಳೆ ತಟ್ಟಿದಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಎಲ್ಲರೂ ಊಟಕ್ಕೆ ಎದ್ದಾಗ ಒಳಕೋಣೆಗೆ ಹೋಗಿ ಆಟವನ್ನು ಮತ್ತೆ ಇಳಿಸಿಕೊಂಡೆ. ಅದು ಹೊಸದಾಗಿ ಮೊದಲಿನಿಂದ ಶುರುವಾಯಿತು, ಗೆಳತಿಯರ ಪಟ್ಟಿಯಲ್ಲಿ ಗುಲಾಬಿ ಇರಲಿಲ್ಲ. ಹುಡುಕೋಣವೆಂದರೆ ಏನಂತ ಬರೆಯಲಿ? ಅಷ್ಟು ದಿನ ಮಾತಾಡಿದ್ದರೂ ಅವಳ ಹೆಸರನ್ನು ನಾನು ಕೇಳಿರಲೇ ಇಲ್ಲ.