ಕಂದು ಕುದುರೆಯ ಬಾಯಿಬುಟ್ಟಿ

ನನ್ನ ಬಾಯಿ ಮೊದಲಿನಿಂದಲೂ ಜೋರು. ಆದರೆ ಹದಿನೇಳರ ಹುಡುಗಿಯಾಗಿದ್ದಾಗ ಹದಿನೈದು ದಿನ ಒಂದು ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದ್ದೇನೆ.

ತೊಂಬತ್ತರ ದಶಕದ ಕೊನೆ. ಹುಬ್ಬಳ್ಳಿ ಸ್ಟೇಷನ್ ಮುಂದೆ ಆಟೋಗಳು ತುಂಬಿ ಟಾಂಗಾ ಹತ್ತುವವರೇ ಇಲ್ಲದಂತಾದಾಗ ಅಪ್ಪ ಕುದುರೆಗಾಡಿ ಓಟದ ಶರ್ಯತ್ತಿನ ಹುಚ್ಚು ಹಚ್ಚಿಕೊಂಡ. ದಿನಾ ನಸುಕಿನಲ್ಲಿ ರಾಯಾಪುರದ ತನಕ ಓಡಿಸುತ್ತಿದ್ದ. ಹಿಂದಿನ ಸಂಜೆಯೇ ಕುದುರೆಯ ಬಾಯಿಗೆ ಬೆತ್ತದ ಬುಟ್ಟಿ ಕಟ್ಟಿಬಿಡುವುದು, ಒಂದು ಕಡ್ಡಿ ಮೇವೂ ಒಳಗೆ ಹೋಗಬಾರದು. "ಹೊಟ್ಟಿ ಖಾಲಿ ಇದ್ರ ಕಾಲು ಹಗುರ" ಎಂಬುದು ಅವನ ಅಜ್ಜನಿಂದ ಬಂದ ಮಾತು. ಓಡಿ ಬಂದ ಮೇಲೆ ಬಕೆಟ್ ತುಂಬ ನೆನೆಸಿದ ಕಡಲೆ.

ಹಿಂದಿನ ಕುದುರೆ ಹೀಗೇ ಓಡುತ್ತ ಓಡುತ್ತ ಕಾಳು ತಿನ್ನುವುದನ್ನು ಬಿಟ್ಟಿತು, ಹಲ್ಲು ಕಡಿಯತೊಡಗಿತು, ಒಣಗಿ ಸತ್ತೇ ಹೋಯಿತು. ಯಾರದೋ ಕಣ್ಣು ತಾಗಿತು ಎಂದ ಅಪ್ಪ. ಈಗ ಈ ಕಂದು ಕುದುರೆಯೂ ಕಡಲೆಗೆ ಮೂತಿ ಹಾಕಿ ಹಿಂದೆ ಸರಿದು, ತನ್ನ ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡತೊಡಗಿತು. ನಾನೇ ಹೋಗಿ ದನದ ಡಾಕ್ಟರನ್ನು ಕರೆತಂದೆ.

"ಹೊಟ್ಟ್ಯಾಗ ಹುಣ್ಣಾಗಿರಬೇಕ್ರಿ," ಎಂದರು ಅವರು. "ಕುದುರಿ ಹೊಟ್ಟ್ಯಾಗ ಹುಳಿ ಒಸರತಾನ ಇರತೈತಿ. ಮೇವಿಲ್ಲದ ಓಡಿಸಿದ್ರ ಅದು ಮ್ಯಾಲ ಸಿಡಿದು ಸುಡತೈತಿ. ಬುಟ್ಟಿ ಬಿಚ್ಚರಿ, ಓಡಸೂಕಿಂತ ಮೊದಲ ಒಂದೆರಡು ಹಿಡಿ ಕುದುರಿ ಮೆಂತೆ ಹುಲ್ಲು ಹಾಕ್ರಿ. ಕಾಳು ಕಡಿಮಿ ಮಾಡ್ರಿ."

ಅವರು ಹೋದದ್ದೇ ತಡ, ಅಪ್ಪ ನಕ್ಕ. "ಇವರು ಎಂದಾರ ಲಗಾಮು ಹಿಡದಾರೇನು?"

ನನಗೆ ಮೈಯೆಲ್ಲ ಉರಿಯಿತು. ಮರುದಿನದಿಂದ ಅಪ್ಪ ನಸುಕಿನ ಚಹಾಕ್ಕೆ ಅಂಗಡಿಗೆ ಹೋದೊಡನೆ ಬುಟ್ಟಿ ಬಿಚ್ಚಿ, ಹುಲ್ಲು ಮಾರುವವಳಿಂದ ತಂದಿಟ್ಟ ಹಸಿ ಕುದುರೆ ಮೆಂತೆ ತಿನ್ನಿಸಿ, ಅವನ ಚಪ್ಪಲಿ ಸಪ್ಪಳ ಕೇಳುವುದರೊಳಗೆ ಮತ್ತೆ ಕಟ್ಟುತ್ತಿದ್ದೆ. ಅದರ ಮೈ ಮಿಂಚತೊಡಗಿತು. ಅಪ್ಪ ಮೀಸೆ ತಿರುವಿದ. "ನೋಡಿದೇನು? ಉಪವಾಸದ ಗುಣ!" ಅಯ್ಯ ಶಿವನೇ, ನಾಲಿಗೆ ಕಚ್ಚಿಕೊಂಡು ಸುಮ್ಮನಿದ್ದೆ.

ಶರ್ಯತ್ತಿನ ದಿನ ಅಪ್ಪ ಚಹಾಕ್ಕೆ ಹೋಗಲಿಲ್ಲ. ಕುದುರೆಯ ಪಕ್ಕದಲ್ಲೇ ಕೂತುಬಿಟ್ಟ. ಹಟ ಮಾಡಿ ನಾನೂ ಗಾಡಿ ಏರಿದೆ, ಕಾಲಡಿಯ ಚೀಲದಲ್ಲಿ ಮೆಂತೆಯಿತ್ತು. ಸುಳ್ಳ ಊರಿನ ದಾರಿಯಲ್ಲಿ ಗಾಡಿಗಳು ಸೇರಿದ್ದವು. ನಮ್ಮ ಕುದುರೆ ಕರಕರ ಹಲ್ಲು ಕಡಿಯಿತು. ಹಿಂದಿನದು ಸಾಯುವ ಮೊದಲು ಮಾಡುತ್ತಿದ್ದ ಅದೇ ಸಪ್ಪಳ.

"ಅಪ್ಪಾ, ಅದರ ಬಾಯಿ ಬಿಚ್ಚು. ಹದಿನೈದು ದಿನದಿಂದ ನಾ ಮೇಯಿಸೇನಿ. ನೀ ಹೊಗಳಿದ್ದು ಉಂಡ ಕುದುರೀನ."

ಗಾಡಿಯವರೆಲ್ಲ ತಿರುಗಿ ನೋಡಿದರು. ಅಪ್ಪನ ಮುಖ ಕಪ್ಪಿಟ್ಟಿತು. ಹೊಡೆಯುತ್ತಾನೆ ಅಂದುಕೊಂಡೆ. ಅವನು ಬುಟ್ಟಿ ಬಿಚ್ಚಿ ನನ್ನ ಕೈಗೆ ತುರುಕಿದ. "ತಿನಸು. ಸೋತ್ರ ಇದನ್ನ ನಿನ್ನ ಬಾಯಿಗೆ ಕಟ್ಟತೇನಿ."

ಕುದುರೆ ಮೂರನೆಯದಾಗಿ ಬಂತು. ಗೆದ್ದವರು ಗುಲಾಲು ಎರಚುತ್ತಿದ್ದರು. ನಾನು ಬುಟ್ಟಿ ಹಿಡಿದು ನಿಂತಿದ್ದೆ. ಅಪ್ಪ ನನ್ನತ್ತ ನೋಡಲಿಲ್ಲ. ಕುದುರೆಯನ್ನು ಬಿಚ್ಚಿ, ಅಡ್ಡಾಡಿಸಿ, ನೀರು ಕುಡಿಸಿ, ಕಡಲೆಯ ಬಕೆಟ್ ಮುಂದಿಟ್ಟು ಕುಕ್ಕರಗಾಲಲ್ಲಿ ಕೂತ. ಕುದುರೆ ಮೂತಿ ಹಾಕಿತು. ಹಿಂದೆ ಸರಿಯಲಿಲ್ಲ. ತಿನ್ನುತ್ತಲೇ ಹೋಯಿತು, ತಳ ನೆಕ್ಕಿತು, ಖಾಲಿ ಬಕೆಟ್ಟನ್ನು ಉರುಳಿಸಿತು.

ಅಪ್ಪ ಆ ಬಕೆಟ್ಟನ್ನು ಎತ್ತಿ ನೆಟ್ಟಗಿಟ್ಟ. ಆಮೇಲೆ ಎದ್ದು ಬಂದು, ಬುಟ್ಟಿ ಹಿಡಿದಿದ್ದ ನನ್ನ ಕೈಗಳನ್ನು ತನ್ನ ಮುಖದ ಹತ್ತಿರ ಎಳೆದುಕೊಂಡ.

"ನನಗ ಕಟ್ಟು. ಹಿಂದಿನ ಕುದುರಿ ಕಣ್ಣು ತಾಗಿ ಸತ್ತಿದ್ದಲ್ಲ ಯವ್ವಾ, ನಾನ ಕೊಂದೆ."

ಅಷ್ಟು ಬಾಯಿಯವಳು ನಾನು, 'ಇಲ್ಲಪ್ಪಾ' ಎಂದು ಒಂದು ಮಾತು ಹೇಳಲಿಕ್ಕೆ ಆಗಲಿಲ್ಲ.