ನೀಲಪ್ಪನ ವಿಲಾಯತಿ ಕಠಾರಿ

ಗಜೇಂದ್ರಗಡದಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ನೇಕಾರರ ಮಗ್ಗಗಳಿನ್ನೂ ಸದ್ದು ಮಾಡಿಲ್ಲ. ಕಮ್ಮಾರ ನೀಲಪ್ಪನ ಕುಲುಮೆಯಲ್ಲಿ ಮಾತ್ರ ಹೆಂಡತಿ ಶಿವಬಸವ್ವ ತಿದಿ ಒತ್ತುತ್ತಿದ್ದಾಳೆ. ಬೆಂಕಿಯಲ್ಲಿ ಕಾಯುತ್ತಿರುವುದು ಕುಡಗೋಲಲ್ಲ, ಗೇಣುದ್ದದ ಕಠಾರಿಯ ಅಲಗು. ಇದು ನಾಲ್ಕನೆಯದು. ಮೊದಲ ಮೂರೂ ಎಣ್ಣೆಗೆ ಅದ್ದಿದೊಡನೆ ಸೊಟ್ಟಗಾಗಿವೆ.

"ಇದೂ ಸೊಟ್ಟಾತಂದ್ರ ಸಾವ್ಕಾರ್ರಿಗೆ ಹ್ಯಾಂಗ ಮುಖಾ ತೋರಸ್ಲಿ, ತಮ್ಮಾ?" ಎಂದು ನೀಲಪ್ಪ, ನೋಡುತ್ತ ಕೂತ ನನ್ನನ್ನೇ ಕೇಳುತ್ತಾನೆ.

ಸಾವ್ಕಾರ್ರೆಂದರೆ ಅರಳೆ ವ್ಯಾಪಾರದ ಪ್ರಭುಲಿಂಗಪ್ಪ. ಅವರ ಅಜ್ಜನಿಗೆ ಊರು ಬಿಟ್ಟು ವಿಲಾಯತಿಗೆ ಮರಳುವ ಬಿಳಿ ಸಾಹೇಬನೊಬ್ಬ ಕೊಟ್ಟ ಕಠಾರಿ ಮನೆಯಲ್ಲಿದೆ. ಐದುನೂರು ವರ್ಷ ಹಳೆಯದಂತೆ. ಹಿಡಿಯ ಮೇಲೊಂದು ಕೆಳಗೊಂದು ದುಂಡನೆಯ ಕಬ್ಬಿಣದ ಬಿಲ್ಲೆ. ಹಿಡಿದ ಕೈ ಜಾರುವ ಮಾತೇ ಇಲ್ಲ. ಅಲಗಿನ ಬಾಲ ಹಿಡಿಯೊಳಗೆ ಪೂರಾ ಹಾಯ್ದು ಮೇಲಿನ ಬಿಲ್ಲೆಯ ಆಚೆ ಬಡಿದು ಕೂರಿಸಿದೆ. ಅಲಗಿಗೆ ಮೂರು ಮೈ, ಚೀಲ ಹೊಲಿಯುವ ದಬ್ಬಣದ ಹಾಗೆ.

ಹುಳು ತಿಂದ ಹಿಡಿಯನ್ನು ಬದಲಿಸಲು ಹೋದ ಮಹಾನವಮಿಗೆ ಅದನ್ನು ನೀಲಪ್ಪನಿಗೆ ಕೊಟ್ಟರು. ಜಾಲಿ ಕಟ್ಟಿಗೆಯ ಹಿಡಿ ಚೆಂದವೇ ಆಯಿತು. ಆದರೆ ಕುಲುಮೆಗೆ ಬಂದ ಕಬ್ಬಿಣವನ್ನು ಮಸೆಯದೆ ಹೊರಗೆ ಕಳಿಸಬಾರದೆಂಬುದು ಈ ಮನೆತನದ ರೂಢಿ.

"ಪಾಪ, ಮೊಂಡ ಐತಿ ಅಂತ ಒಂದ ಮಗ್ಗಲಾ ಚಲೋತ್ನಾಗಿ ಮಸದೆ," ಎನ್ನುತ್ತಾನೆ. ಆ ಕಠಾರಿ ಕೊಯ್ಯಲು ಮಾಡಿದ್ದಲ್ಲ. ಮೈತುಂಬ ಕಬ್ಬಿಣದ ಅಂಗಿ ತೊಟ್ಟ ಸೈನಿಕನ ಕೀಲುಸಂದಿಗೆ ಚುಚ್ಚಲು ಮಾಡಿದ್ದು. ಅದಕ್ಕೆ ಮೊನೆಯಷ್ಟೇ ಬೇಕು. ಮಸೆದದ್ದರಿಂದ ಒಂದು ಮೈ ಸವೆದು ಅದರ ಆಕಾರವೇ ಕೆಟ್ಟಿತು.

"ಐದುನೂರ ವರ್ಷ ಇದ್ದದ್ದನ್ನ ಒಂದ ಮುಂಜಾನ್ಯಾಗ ಕೆಡಿಸಿದೆಲ್ಲೋ ನೀಲಪ್ಪಾ!" ಎಂದರಂತೆ ಪ್ರಭುಲಿಂಗಪ್ಪ. ಅಂಥದೇ ಒಂದನ್ನು ಮಾಡಿಕೊಡುತ್ತೇನೆಂದು ಮಾತು ಕೊಟ್ಟವನು ನೀಲಪ್ಪನೇ.

ಜಕ್ಕಲಿ, ಅಬ್ಬಿಗೇರಿಯ ರೈತರ ಕುಡಗೋಲು, ಕುಂಟೆಯ ಕುಡ ಎಲ್ಲಾ ಸೇರಿ ದಿನಕ್ಕೆ ಹದಿನೈದಾದರೂ ಇವನ ಕೈ ದಾಟಬೇಕು. ಕಠಾರಿಗೆ ಸಿಗುವುದು ಅದಕ್ಕಿಂತ ಮುಂಚಿನ ಒಂದು ತಾಸು. "ನಮ್ಮಪ್ಪ ಕೋಟೆಯಾಗಿನ ಮಂದಿಗೆ ಕಠಾರಿ ಮಾಡಿಕೊಟ್ಟಾಂವಾ. ಅಂವಾ ಇದ್ದಿದ್ರ ಕೈಯಾಗ ಹಿಡದ ಕೂಡ್ಲೇ ಮಸೀಬ್ಯಾಡೋ ಅಂತಿದ್ದ," ಎನ್ನುವಾಗ ಅವನ ದನಿ ಇಳಿಯುತ್ತದೆ. ನಾನೂ ಇದೇ ಓಣಿಯವನು. ಆ ಮುದುಕನ ಸುತ್ತಿಗೆಯ ಸಪ್ಪಳಕ್ಕೇ ಏಳುತ್ತಿದ್ದೆ.

ಇಕ್ಕಳದಲ್ಲಿ ಅಲಗು ಹೊರಬರುತ್ತದೆ. ಮೂರೂ ಮೈ ಒಂದೇ ಸಮ ತಣಿಯದಿದ್ದರೆ ಬಾಗುತ್ತದೆಂದು ಮೊನೆ ಮುಂದಾಗಿಸಿ ನೆಟ್ಟಗೆ ಕುಸುಬಿ ಎಣ್ಣೆಗೆ ಇಳಿಸುತ್ತಾನೆ. ಹೊಗೆ ಏಳುತ್ತದೆ. ಆರಿದ ಮೇಲೆ ಒಂದು ಕಣ್ಣು ಮುಚ್ಚಿ ನೋಡುತ್ತಾನೆ.

"ನೆಟ್ಟಗ ಐತೇನ್ರಿ?" ಶಿವಬಸವ್ವ ಕೇಳುತ್ತಾಳೆ.

"ನೀನ ನೋಡ."

ಎಂಟು ದಿನದ ಮೇಲೆ ಹಿಡಿ, ಬಿಲ್ಲೆ ಕೂರಿಸಿದ ಕಠಾರಿಯನ್ನು ಪ್ರಭುಲಿಂಗಪ್ಪ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಮೊನೆಗೆ ಹೆಬ್ಬೆರಳು ತಾಗಿಸಿ ಥಟ್ಟನೆ ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ನಗುತ್ತಾರೆ.

"ಇದನ್ನ ಪೆಟಗ್ಯಾಗ ಇಡ್ತೀನಿ. ಆ ಕೆಟ್ಟದ್ದನ್ನ ನೀ ಒಯ್ಯಿ."

ನೀಲಪ್ಪ ತಲೆಯಾಡಿಸುತ್ತಾನೆ. "ಬ್ಯಾಡ್ರಿ ಸಾವ್ಕಾರ್ರ. ಎರಡನ್ನೂ ಒಂದ ಪೆಟಗ್ಯಾಗ ಇಡ್ರಿ. ಯಾರರ ಕೇಳಿದ್ರ, ಕೆಡಿಸಿದಾಂವನೂ ನೀಲಪ್ಪ, ಮಾಡಿದಾಂವನೂ ನೀಲಪ್ಪ ಅಂತ ಹೇಳ್ರಿ."